ಅಳತೆಯ ಮೇಲಿನ ಕೊಸರು

ತೋಟೆ ಒಡೆದ ಸದ್ದು ಕೇಳಿದಾಗ ನಾನು ಪೊಲೀಸ್ ಸ್ಟೇಷನ್ನಿನ ಹಿಂಬದಿಯ ಮೆಟ್ಟಿಲಲ್ಲಿ ಕುಕ್ಕರಗಾಲಲ್ಲಿ ಕೂತು ಹಾಲು ಅಳೆಯುತ್ತಿದ್ದೆ. ಸದ್ದು ಬಂದದ್ದು ನಮ್ಮ ಮನೆಯ ಮೇಲಿನ ಗುಡ್ಡದಿಂದ. ಬೆಂಕಿಯಲ್ಲಿ ಬಿದಿರಿನ ಗಂಟು ಸಿಡಿದ ಹಾಗೆ, ಒಂದೇ ಏಟು. ಹಿತ್ತಿಲಿನ ಮಾವಿನ ಮರದಿಂದ ಕಾಗೆಗಳು ಒಟ್ಟಿಗೆ ಎದ್ದವು. ನನ್ನೆದುರು ಪಾತ್ರೆ ಹಿಡಿದು ನಿಂತಿದ್ದ ಎಎಸ್‌ಐ ತಲೆಯೆತ್ತಿ ಗುಡ್ಡದ ಕಡೆ ನೋಡಿ ನಕ್ಕರು.

"ಬಿತ್ತು ನೋಡಿ ಅಕ್ಕ, ನಿಮ್ಮ ಭಾವನ ಹಂದಿ. ಮನೆಗೆ ಹೋದವರೇ ಮೆಣಸು ಅರೆದಿಡಿ."

"ನಿಮಗೂ ಬರ್ತದಲ್ಲ ಸಾರ್, ಪಾಲು."

"ಬಾರದೆ ಎಂತ? ಸ್ಟೇಷನ್ನೂ ಒಂದು ಮನೆಯೇ ಅಲ್ವಾ?"

ನಾನೂ ನಕ್ಕೆ. ಅಳತೆಯ ಲೋಟದಿಂದ ಅವರ ಪಾತ್ರೆಗೆ ಹಾಲು ಹೊಯ್ದು, ಮೇಲಿಂದ ಕೊಸರು ಹಾಕಿ, ಕ್ಯಾನಿನ ಮುಚ್ಚಳ ಒತ್ತಿ ಎದ್ದೆ.

ಕೊಸರು ಹಾಕದೆ ಹಾಲು ಅಳೆಯುವುದು ನನಗೆ ಬಾರದು. ನನ್ನ ತಾಯಿ ಹಾಗೆಯೇ ಅಳೆಯುತ್ತಿದ್ದರು. ಅಳತೆ ತುಂಬಿ ಹೊಯ್ದ ಮೇಲೆ ಲೋಟವನ್ನು ಇನ್ನೊಮ್ಮೆ ಕ್ಯಾನಿನಲ್ಲಿ ಅದ್ದಿ, ಚೂರು ಎತ್ತಿ, ಕೊಂಡವರ ಪಾತ್ರೆಗೆ ಚೆಲ್ಲಬೇಕು. ಸೊಸೈಟಿಯಲ್ಲಿ ಅದಿಲ್ಲ, ಅಲ್ಲಿ ಯಂತ್ರ ಅಳೆಯುತ್ತದೆ, ಯಂತ್ರಕ್ಕೆ ಕೊಸರು ಬೇಡ. ಶಾಲೆಯ ಟೀಚರಿಗೆ, ರಸ್ತೆ ಬದಿಯ ಚಾಯದಂಗಡಿಗೆ ನನ್ನ ಕೊಸರು ಒಂದು ಗುಟುಕು. ಸ್ಟೇಷನ್ನಿಗೆ ಮಾತ್ರ ಅದು ವರ್ಷದಿಂದ ವರ್ಷಕ್ಕೆ ಬೆಳೆದು ಹೆಚ್ಚುಕಡಿಮೆ ಇನ್ನೊಂದು ಲೋಟವೇ ಆಗಿತ್ತು. ಯಾರೂ ಕೇಳಿರಲಿಲ್ಲ. ಎಎಸ್‌ಐ ಅಂತೂ ಒಂದು ದಿನವೂ "ಇನ್ನು ಸ್ವಲ್ಪ" ಎಂದವರಲ್ಲ. ಹೊಯ್ದು ಮುಗಿಯುವವರೆಗೆ ಪಾತ್ರೆ ಹಿಡಿದು ನಿಲ್ಲುತ್ತಿದ್ದರು, ಅಷ್ಟೇ.

ಅದಕ್ಕೆ ಕಾರಣಗಳೂ ಇದ್ದವು. ಮಗಳ ಹೆರಿಗೆಯ ದಿನ ಆಟೋ ಸಿಗದೆ ನಾನು ರಸ್ತೆಯಲ್ಲಿ ಅಳುತ್ತಾ ನಿಂತಾಗ ಅವರು ಜೀಪು ತಂದು ಆಸ್ಪತ್ರೆ ಮುಟ್ಟಿಸಿದರು. ನನ್ನ ಗಂಡ ಗಡಿಯಾಚೆಯಿಂದ ಕರ್ನಾಟಕದ ಸಾರಾಯಿ ಪ್ಯಾಕೆಟುಗಳನ್ನು ಹುಲ್ಲಿನ ಹೊರೆಯಲ್ಲಿ ಅಡಗಿಸಿ ತರುವಾಗ ಸಿಕ್ಕಿಬಿದ್ದದ್ದೂ ಇವರ ಕೈಗೇ. ಪ್ಯಾಕೆಟು ತೋಡಿನ ನೀರಿಗೆ ಚೆಲ್ಲಿಸಿ, ಎರಡು ಬೈದು, ಮನೆಗೆ ಕಳಿಸಿದರು. ಕೇಸು ಆಗಲಿಲ್ಲ. ಮರುದಿನ ನನ್ನ ಕೈ ತಾನಾಗಿಯೇ ಇನ್ನಷ್ಟು ಬಾಗಿತು.

ಭಾವನ ಕೊಸರು ಹಂದಿಮಾಂಸದ್ದು. ಭಾವ ಎಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಗುಡ್ಡದ ಮೇಲಿನ ಗೇರು, ಮರಗೆಣಸು, ಬಾಳೆ ಎಲ್ಲ ಅವರದು. ಹಂದಿಗಳು ಒಂದೇ ರಾತ್ರಿಯಲ್ಲಿ ಅಷ್ಟನ್ನೂ ಉತ್ತು ಹಾಕುತ್ತವೆ. ಪಂಚಾಯತಿಗೆ ಅರ್ಜಿ ಕೊಟ್ಟರೆ ಲೈಸೆನ್ಸ್ ಇರುವ ಬಂದೂಕಿನವರು ಬರಬೇಕು, ಸತ್ತದ್ದನ್ನು ಹೂಳಬೇಕು, ತಿನ್ನಬಾರದು. ಭಾವನಿಗೆ ಅಷ್ಟು ತಾಳ್ಮೆಯಿಲ್ಲ. ಹಲಸಿನ ಹಣ್ಣಿನ ಒಳಗೆ ಸಿಡಿಮದ್ದು ಅಡಗಿಸಿ ಹಂದಿಯ ದಾರಿಯಲ್ಲಿ ಇಡುತ್ತಿದ್ದರು. ಇದನ್ನೇ ನಮ್ಮಲ್ಲಿ ತೋಟೆ ಎನ್ನುವುದು. ಹಂದಿ ಕಚ್ಚಿದರೆ ಮುಸುಡು ಹಾರಿಹೋಗುತ್ತದೆ. ಸತ್ತ ಹಂದಿಯನ್ನು ಪಾಲು ಮಾಡಿ ಗುಡ್ಡಕ್ಕೆ ತಾಗಿದ ಪ್ರತಿ ಮನೆಗೂ ಬಾಳೆಯೆಲೆಯಲ್ಲಿ ಕಟ್ಟಿ ಕಳಿಸುವುದು ಹಳೆಯ ಕ್ರಮ. ಪಾಲು ತಿಂದ ಮನೆ ಮಾತಾಡುವುದಿಲ್ಲ. ರಸ್ತೆಯ ಆಚೆಗಿದ್ದರೂ ಸ್ಟೇಷನ್ ಆ ಮನೆಗಳ ಸಾಲಿಗೆ ಯಾವಾಗಲೋ ಸೇರಿತ್ತು, ಅದಕ್ಕೆ ಹೋಗುತ್ತಿದ್ದದ್ದು ತೊಡೆಯ ಭಾಗ.

ಆ ಬೆಳಿಗ್ಗೆ ಮೆಣಸು ಅರೆಯುವ ಯೋಚನೆಯಲ್ಲೇ ನಾನು ಮನೆಯ ಕಡೆ ನಡೆದದ್ದು.

ಮುರಕಲ್ಲಿನ ಮೆಟ್ಟಿಲು ಹತ್ತುವಾಗ ರಕ್ತ ಕಂಡಿತು. ಹನಿಯಲ್ಲ, ಯಾರೋ ಬಕೆಟಿನಿಂದ ಎರಚುತ್ತಾ ಹೋದ ಹಾಗೆ. ಭಾವನ ಆಳುಗಳು ಹಂದಿಯನ್ನು ನಮ್ಮ ಅಂಗಳದಲ್ಲೇ ಹೊತ್ತುಕೊಂಡು ಹೋದರೋ ಎಂದು ಸಿಟ್ಟು ಬಂತು. ಇನ್ನೊಂದು ತಿರುವಿನಲ್ಲಿ ಒಂದು ಹಲ್ಲು ಬಿದ್ದಿತ್ತು. ಅಗಲವಾದ, ಸವೆದ, ದನದ ಹಲ್ಲು.

ನನ್ನ ಕಂದು ದನ ಹಟ್ಟಿಯ ಬಾಗಿಲಲ್ಲಿ ನಿಂತಿತ್ತು. ಬೆಳಿಗ್ಗೆ ಹಾಲು ಕರೆದು, ಕತ್ತಿನ ಹಗ್ಗ ಬಿಚ್ಚಿ, ಬೆನ್ನು ತಟ್ಟಿ ಗುಡ್ಡಕ್ಕೆ ಬಿಟ್ಟಿದ್ದೆ. ಅದು ಅಷ್ಟು ದೂರ ತಾನೇ ನಡೆದು ಮನೆಗೆ ಬಂದಿತ್ತು. ಕೆಳದವಡೆ ಇರಲಿಲ್ಲ. ಒಂದು ಬದಿಯ ಎಲುಬು ಚರ್ಮದಲ್ಲಿ ನೇತಾಡುತ್ತಿತ್ತು. ನಾಲಿಗೆ ಸೀಳಿ ಎರಡಾಗಿ ಕೆಳಗಿಳಿದು, ದನ ಉಸಿರು ಬಿಟ್ಟಾಗಲೆಲ್ಲ ರಕ್ತದ ನೊರೆ ಅದರ ತುದಿಯಿಂದ ಎಳೆಯಾಗಿ ಇಳಿಯುತ್ತಿತ್ತು. ಸುಟ್ಟ ಕೂದಲಿನ ವಾಸನೆಯ ಜೊತೆ ಹಲಸಿನ ಹಣ್ಣಿನ ವಾಸನೆ. ನಮ್ಮ ದನಗಳಿಗೆ ಹಲಸೆಂದರೆ ಪ್ರಾಣ. ನಾನೇ ಸಿಪ್ಪೆ ತಿನ್ನಿಸಿ ರುಚಿ ಹಿಡಿಸಿದ್ದೆ. ಕಣ್ಣು ಮಾತ್ರ ಎಂದಿನಂತೆಯೇ ಇತ್ತು. ನನ್ನನ್ನು ಕಂಡು ಅಕ್ಕಚ್ಚಿಗೆ, ದಿನಾ ಕೊಡುವ ಕಲಗಚ್ಚಿಗೆ, ಕರೆಯುವ ಹಾಗೆ ಕೂಗಲು ನೋಡಿತು. ಗಂಟಲಿನಿಂದ ಗಾಳಿ ಬಂತು, ಸ್ವರ ಬರಲಿಲ್ಲ.

ಒಳಗೆ ಕಟ್ಟಿದ್ದ ಕರು ತಾಯಿಯ ವಾಸನೆಗೆ ಹಗ್ಗ ಜಗ್ಗುತ್ತಿತ್ತು. ಕೆಚ್ಚಲು ಹಾಗೆಯೇ ಇತ್ತು.

ರಬ್ಬರ್ ತೋಟದಲ್ಲಿ ಟ್ಯಾಪಿಂಗಿಗೆ ಹೋಗಿದ್ದ ಗಂಡ ಓಡಿ ಬಂದರು. ದನವನ್ನು ನೋಡಿದವರೇ ಹಟ್ಟಿಯ ಗೋಡೆಗೆ ಹಣೆ ಒತ್ತಿ ನಿಂತರು. ಮೃಗಾಸ್ಪತ್ರೆಯ ಡಾಕ್ಟರಮ್ಮ ಮುಳ್ಳೇರಿಯದ ಕಡೆಯಿಂದ ಬರುವಷ್ಟರಲ್ಲಿ ದನ ಎರಡು ಸಲ ಬಿದ್ದು ಎದ್ದಿತ್ತು. ನಾನು ಗಂಡನ ಹೆಗಲ ಮೇಲಿನ ಬೈರಾಸು ಒದ್ದೆ ಮಾಡಿ ಅದರ ಗಾಯಕ್ಕೆ ಕೂರುವ ನೊಣ ಓಡಿಸುತ್ತಿದ್ದೆ. ಡಾಕ್ಟರಮ್ಮ ಬಗ್ಗಿ ನೋಡಿದ್ದೇ ಚೀಲದಿಂದ ಹೊಲಿಯುವ ಸಾಮಾನು ತೆಗೆಯಲಿಲ್ಲ, ಸೂಜಿ ತೆಗೆದರು.

"ಹೊಲಿಯಲಿಕ್ಕೆ ಎಂತದೂ ಇಲ್ಲ ಅಮ್ಮ ಇಲ್ಲಿ. ಇದು ಇನ್ನು ತಿನ್ನುವುದಿಲ್ಲ, ಕುಡಿಯುವುದಿಲ್ಲ. ಹೀಗೇ ಬಿಟ್ಟರೆ ಹಸಿದು ಸಾಯ್ತದೆ."

ನಾನು ಕತ್ತು ಹಿಡಿದುಕೊಂಡೆ. ಗಂಡ ಹಿಂಗಾಲು ಒತ್ತಿದರು. ಸಾಯುವುದು ಅಂದುಕೊಂಡಷ್ಟು ಬೇಗ ಆಗಲಿಲ್ಲ. ಅಷ್ಟು ದೊಡ್ಡ ಮೈ ನನ್ನ ತೊಡೆಯ ಮೇಲೆ ನಡುಗಿ ನಡುಗಿ ಭಾರವಾಯಿತು. ಕೈ ತೊಳೆಯುತ್ತಾ ಡಾಕ್ಟರಮ್ಮ ಹೇಳಿದರು:

"ಇಂಥದ್ದನ್ನು ಒಂದೇ ಇಟ್ಟಿರುವುದಿಲ್ಲ. ಗುಡ್ಡದಲ್ಲಿ ಇನ್ನೂ ಉಂಟು. ಹುಲ್ಲು ಕೊಯ್ಯಲಿಕ್ಕೆ ಯಾರು ಹೋಗುವುದು?"

"ನಾನೇ."

"ಹೋಗಬೇಡಿ. ಪೊಲೀಸಿಗೆ ಹೇಳಿ ಎಲ್ಲ ತೆಗೆಸಿ. ಆಮೇಲೆ ಹೋಗಿ."

ಹಟ್ಟಿಯಲ್ಲಿ ಉಳಿದದ್ದು ಒಂದು ಗಿಡ್ಡ ದನ, ಒಂದು ಕಡಸು, ಈ ಕರು. ಗುಡ್ಡದ ಹುಲ್ಲಿಲ್ಲದೆ ಅವುಗಳ ಹೊಟ್ಟೆ ನಡೆಯದು. ನಾನು ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ, ಕ್ಯಾನಿಲ್ಲದ ಕೈಯಲ್ಲಿ ಮೊದಲ ಸಲ ಸ್ಟೇಷನ್ನಿನ ಎದುರಿನ ಬಾಗಿಲಿನಿಂದ ಒಳಗೆ ಹೋದೆ.

ಎಸ್‌ಐ ಮೇಡಂ ಕಾಸರಗೋಡಿಗೆ ಕೋರ್ಟ್ ಕೆಲಸಕ್ಕೆ ಹೋಗಿದ್ದರು. ಎಎಸ್‌ಐ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು. ದನದ ಸುದ್ದಿ ಕೇಳಿ ಅವರ ಮುಖ ನಿಜವಾಗಿಯೂ ಇಳಿಯಿತು.

"ಛೆ! ಕಂದು ದನವಾ? ಅದರ ಹಾಲೇ ಅಲ್ವಾ ನಾವು ಕುಡಿಯುವುದು?"

"ಕಂಪ್ಲೇಂಟ್ ಬರೆದುಕೊಳ್ಳಿ ಸಾರ್. ಯಾರು ಇಟ್ಟದ್ದು ಅಂತ ನಿಮಗೂ ಗೊತ್ತುಂಟು, ನನಗೂ ಗೊತ್ತುಂಟು. ಗುಡ್ಡದಲ್ಲಿ ಇನ್ನೂ ಉಂಟಂತೆ. ಬಾಂಬ್ ತೆಗೆಯುವವರನ್ನು ಕರೆಸಿ."

ಅವರು ಬಾಗಿಲ ಕಡೆ ನೋಡಿ ಸ್ವರ ತಗ್ಗಿಸಿದರು. "ಅಕ್ಕ, ನಾನೊಂದು ಹೇಳ್ತೇನೆ ಕೇಳಿ. ಬರೆದ್ರೆ ಅದು ಸಿಡಿಮದ್ದಿನ ಕೇಸ್. ನಿಮ್ಮ ಭಾವ ಒಳಗೆ ಹೋಗ್ತಾರೆ. ಫಾರೆಸ್ಟಿನವರು ಬರ್ತಾರೆ, ಮಾಂಸ ಎಲ್ಲೆಲ್ಲಿ ಹೋಯ್ತು ಅಂತ ಒಂದೊಂದೇ ಮನೆ ಹತ್ತುತ್ತಾರೆ. ನಿಮ್ಮ ಮನೆ ಬಿಡ್ತಾರಾ?"

"ಈ ಮನೆ?"

ಅವರು ನೀರಿನ ಲೋಟವನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. "ದನಕ್ಕೆ ದನ ಕೊಡಿಸುವ ಜವಾಬ್ದಾರಿ ನನ್ನದು. ಉಳಿದದ್ದನ್ನೂ ತೆಗೆಸುವ. ನಾನು ನೋಡಿಕೊಳ್ತೇನೆ. ಇಷ್ಟು ವರ್ಷದಲ್ಲಿ ನಿಮಗೆ ಕೆಟ್ಟದು ಮಾಡಿದ್ದೇನಾ ನಾನು?"

ಮಾಡಿರಲಿಲ್ಲ. ಅಷ್ಟು ಹಾಲು ಹೊಯ್ದ ಮೇಲೆ ಈ ಒಂದು ದಿನ ನನ್ನ ಮಾತು ನಡೆಯುತ್ತದೆ ಎಂಬ ಧೈರ್ಯದಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಭಾವನೂ ಅಷ್ಟೇ ಧೈರ್ಯದಲ್ಲಿ ತೋಟೆ ಇಟ್ಟದ್ದು ಎಂದು ಹಿಂದೆ ಬರುವಾಗ ದಾರಿಯಲ್ಲಿ ಹೊಳೆಯಿತು.

ಸಂಜೆ ಭಾವ ನಮ್ಮ ಅಂಗಳಕ್ಕೆ ಬಂದರು. ನಾಲ್ಕು ಜನ ಹೊಂಡ ತೋಡುತ್ತಿದ್ದರು, ದನವನ್ನು ಅಡಿಕೆಯ ಸೋಗೆಯಿಂದ ಮುಚ್ಚಿದ್ದೆವು. ಅವರು ಕಾಲಿನಿಂದ ಸೋಗೆ ಸರಿಸಿ ನೋಡಿದರು. ಕೈಯಿಂದ ಸರಿಸಿದ್ದರೆ ಬಹುಶಃ ಆಮೇಲಿನದು ಆಗುತ್ತಿರಲಿಲ್ಲ.

"ಎಂತ ಮಾರಾಯ್ತಿ, ಸ್ಟೇಷನ್ನಿಗೆ ಹೋದೆಯಂತೆ. ನಾನು ಸತ್ತಿದ್ದೇನಾ? ನನ್ನ ಹತ್ರ ಹೇಳಲಿಕ್ಕೆ ಬಾಯಿರಲಿಲ್ವಾ?"

"ಬಾಯಿ ಇಲ್ಲದ್ದು ಅಲ್ಲಿ ಮಲಗಿದೆ ಭಾವ. ಎಷ್ಟು ಇಟ್ಟಿದ್ದೀರಿ? ಎಲ್ಲೆಲ್ಲಿ ಉಂಟು?"

"ಲೆಕ್ಕ ಬರೆದು ಇಡ್ತಾರಾ ಅದನ್ನು? ನನ್ನ ಜಾಗಕ್ಕೆ ನಿನ್ನ ದನ ಬಂದದ್ದು ಯಾಕೆ, ಅದು ಹೇಳು."

ಗಂಡನ ಕೈಯಲ್ಲಿ ಹಾರೆಯಿತ್ತು. ಅದನ್ನು ಅವರು ಹೊಂಡಕ್ಕೆ ಎಸೆದದ್ದನ್ನು ನಾನು ಕಂಡೆ; ಅದೊಂದು ಪುಣ್ಯ. ಬರಿಗೈಯಲ್ಲೇ ಹೋಗಿ ಅಣ್ಣನ ಕೆನ್ನೆಗೆ ಹೊಡೆದರು. ಭಾವ ದೊಡ್ಡ ಮೈಯವರು. ಒಂದು ಹೆಜ್ಜೆ ಹಿಂದೆ ಹೋಗಿ, ತಗ್ಗಿ, ತಲೆಯಿಂದ ಗಂಡನ ಹೊಟ್ಟೆಗೆ ಗುದ್ದಿದರು. ಇಬ್ಬರೂ ಸೋಗೆಯ ಮೇಲೆ, ದನದ ಮೇಲೆ ಬಿದ್ದರು. ಭಾವ ಮೇಲೆ ಕೂತು ಕುತ್ತಿಗೆ ಹಿಡಿದರು. ಗಂಡನ ಮುಖ ಕೆಂಪಾಗಿ, ಕಪ್ಪಾಗಿ, ಕಾಲು ಮಣ್ಣು ಕೆರೆಯತೊಡಗಿತು. ಹೊಂಡ ತೋಡುವವರು ಬಿಡಿಸಲು ಎಳೆದರೆ ಭಾವನ ಅಂಗಿ ಹರಿಯಿತೇ ಹೊರತು ಕೈ ಬಿಡಲಿಲ್ಲ. ನಾನು ಒಲೆಯ ಮೇಲಿದ್ದ ಬಿಸಿ ಅಕ್ಕಚ್ಚಿನ ಪಾತ್ರೆ ತಂದು ಭಾವನ ಬೆನ್ನಿಗೆ ಹೊಯ್ದೆ.

ಅವರು ಕಿರುಚಿ ಎದ್ದರು. ಉಗುಳಿದರು. ಉಗುಳಿನಲ್ಲಿ ರಕ್ತವಿತ್ತು.

"ಹೊಯ್ಯು, ಇನ್ನೂ ಹೊಯ್ಯು! ಕೇಸ್ ಮಾಡ್ತೀಯಾ? ಮಾಡು. ಪ್ಯಾಕೆಟ್ ಸಮೇತ ಸಿಕ್ಕಿದ ಇವನನ್ನು ಯಾಕೆ ಬಿಟ್ರು ಅಂತ ನಾನು ಹೇಳ್ತೇನೆ ಕೋರ್ಟಲ್ಲಿ. ನಿನ್ನ ಹಾಲಿಗೆ ಬಿಟ್ಟದ್ದು ಅಂತ ಮಾಡಿದ್ಯಾ? ಅವತ್ತು ಇವನನ್ನು ಬಿಡಿ ಅಂತ ಸಾರ್‌ಗೆ ಫೋನ್ ಮಾಡಿದ್ದು ನಾನು, ನಾನು!"

ಗಂಡ ನೆಲದಲ್ಲಿ ಕೆಮ್ಮುತ್ತಾ ಮಲಗಿದ್ದರು. ಆ ಮಾತು ಕೇಳಿ ತಲೆಯೆತ್ತಲಿಲ್ಲ. ಅದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗಿಡ್ಡ ದನದ ಅಷ್ಟಿಷ್ಟು ಹಾಲು ಹಿಡಿದು ಸ್ಟೇಷನ್ನಿಗೆ ಹೋದೆ. ಹಾಲಿಗಿಂತ ಸುದ್ದಿಗೆ ಹೋದದ್ದು. ಎಎಸ್‌ಐ ಪಾತ್ರೆ ಹಿಡಿದು ಗೆಲುವಿನಿಂದ ಹೇಳಿದರು:

"ಕೆಲಸ ಆಯ್ತು ಅಕ್ಕ. ನಿನ್ನೆಯೇ ಫೋನ್ ಮಾಡಿ ಜೋರು ಮಾಡಿದ್ದೇನೆ. ಇವತ್ತು ಎಸ್‌ಐ ಬರುವ ಮೊದಲು ಎಲ್ಲ ತೆಗೆದಿಡ್ತಾರೆ. ಆಮೇಲೆ ಕೇಸೂ ಇಲ್ಲ, ಗಲಾಟೆಯೂ ಇಲ್ಲ."

"ಯಾರು ತೆಗೆಯುವುದು?"

"ಇಟ್ಟವರೇ. ಇಟ್ಟ ಜಾಗ ಇನ್ಯಾರಿಗೆ ಗೊತ್ತು?"

"ಬೇಡ ಸಾರ್. ಹಂದಿ ಎಳೆದಿರ್ತದೆ, ನರಿ ಎಳೆದಿರ್ತದೆ. ಇಟ್ಟಲ್ಲೇ ಇರ್ತದಾ ಅದು? ಬಾಂಬ್ ತೆಗೆಯುವವರನ್ನು ಕರೆಸಿ ಅಂತ ನಿನ್ನೆಯೇ ಹೇಳಿದ್ದೆ."

"ಅವರನ್ನು ಕರೆಸಿದ್ರೆ ಹಿಂದಿಂದ ಟಿವಿಯವರು ಬರ್ತಾರೆ. ನೀವು ತಲೆಬಿಸಿ ಮಾಡ್ಬೇಡಿ."

ನಾನು ಅಳೆದು ಹೊಯ್ದೆ, ಕೊಸರೂ ಹಾಕಿದೆ. ಎಂಥ ಸಿಟ್ಟಿನಲ್ಲೂ ಕೈ ತನ್ನ ಕೆಲಸ ಮಾಡುತ್ತದೆ.

ಮನೆಗೆ ಬಂದು ಕಡಸಿಗೆ ಬಾಳೆಯ ದಿಂಡು ಕೊಚ್ಚುತ್ತಿದ್ದೆ. ಹುಲ್ಲು ಕಾಣದೆ ಅದು ಬೆಳಗಿನಿಂದ ಕೂಗುತ್ತಿತ್ತು. ಆ ಕೂಗಿನ ನಡುವೆ ಗುಡ್ಡದಲ್ಲಿ ಮತ್ತೆ ಅದೇ ಸದ್ದು. ಅದರ ಹಿಂದೆಯೇ ಮನುಷ್ಯನ ಕೂಗು. ಎಷ್ಟೋ ಹೊತ್ತು ನಿಲ್ಲಲಿಲ್ಲ.

ಗಂಡ ಮುಂದೆ ಓಡಿದರು, ನಾನು ಹಿಂದೆ. ಎಲ್ಲಿ ಕಾಲಿಟ್ಟರೆ ಏನಾಗುತ್ತದೋ ಗೊತ್ತಿಲ್ಲದ ಗುಡ್ಡ. "ನನ್ನ ಹೆಜ್ಜೆಯಲ್ಲೇ ಹೆಜ್ಜೆ ಇಡು" ಎಂದು ಅವರು ತಿರುಗದೆ ಕಿರುಚಿದರು. ನಿನ್ನೆ ಹಿಚುಕಿಸಿಕೊಂಡ ಗಂಟಲಿನಿಂದ ಸ್ವರ ಹರಿದ ಹಾಗೆ ಬಂತು. ಪ್ರತಿ ತರಗೆಲೆಯೂ ನನಗೆ ಹಲಸಿನ ಹಣ್ಣಾಗಿ ಕಂಡಿತು.

ಭಾವ ಗೇರುಮರದ ಬುಡದಲ್ಲಿ ಕೂತಿದ್ದರು. ಪಕ್ಕದಲ್ಲಿ ಬುಟ್ಟಿ; ಅದರೊಳಗೆ ಮರಳಿನ ಮೇಲೆ ಈಗಾಗಲೇ ಹೆಕ್ಕಿದ ತೋಟೆಗಳು ಮೊಟ್ಟೆಯ ಹಾಗೆ ಕೂತಿದ್ದವು. ಅವು ಒಡೆದಿರಲಿಲ್ಲ. ಬಲಗೈ ಮಣಿಕಟ್ಟಿನಿಂದಾಚೆ ಬಿಚ್ಚಿಕೊಂಡಿತ್ತು. ಹೆಬ್ಬೆರಳು ಮಾತ್ರ ಇತ್ತು, ಅದು ಹಿಂದಕ್ಕೆ ತಿರುಗಿತ್ತು. ಮುಖದ ಆ ಬದಿ ಮಸಿ, ಹಲಸಿನ ತೊಳೆ, ರಕ್ತ, ಎಲ್ಲ ಮೆತ್ತಿ ಕಣ್ಣು ಎಲ್ಲಿದೆಯೆಂದೇ ತಿಳಿಯಲಿಲ್ಲ. ಎಡಗೈಯಿಂದ ಅವರು ತರಗೆಲೆಯನ್ನು ಸವರುತ್ತಿದ್ದರು.

"ಬೆರಳು... ಇಲ್ಲೇ ಬಿದ್ದದ್ದು... ನೋಡಿ ಕೊಡಿ."

ಗಂಡ ಬುಟ್ಟಿಯನ್ನು ದಾಟಿ ಹೋಗಿ ಅವರ ಕಂಕುಳಿಗೆ ಕೈ ಹಾಕಿದರು. ನಾನು ಬೈರಾಸು ಹರಿದು ಮೊಣಕೈಯ ಕೆಳಗೆ ಬಿಗಿದೆ. ಬಿಗಿದಷ್ಟೂ ಚಿಮ್ಮುತ್ತಿತ್ತು. ಹಲ್ಲಿನಿಂದ ಗಂಟು ಎಳೆಯುವಾಗ ಅವರ ರಕ್ತ ನನ್ನ ಬಾಯಿಗೆ ಹೋಯಿತು. ನಿನ್ನೆ ಒಬ್ಬರ ಕುತ್ತಿಗೆ ಒಬ್ಬರು ಹಿಡಿದವರು ಹೀಗೆ ತಬ್ಬಿಕೊಂಡು ಗುಡ್ಡ ಇಳಿದರು.

ರಸ್ತೆಗೆ ಬಂದಾಗ ಜೀಪು ನಿಂತಿತ್ತು. ಮಗಳ ಹೆರಿಗೆಗೆ ಹೋದ ಅದೇ ಜೀಪು. ಎಎಸ್‌ಐ ಇಳಿದು ಬಾಗಿಲು ತೆರೆದರು, ಭಾವನ ಕೈ ನೋಡಿ ಬಾಗಿಲನ್ನೇ ಹಿಡಿದು ನಿಂತರು. ಭಾವ ಅರೆಪ್ರಜ್ಞೆಯಲ್ಲಿ ಅವರನ್ನು ಗುರುತಿಸಿದರು.

"ಸಾರ್... ನೀವು ಹೇಳಿದ್ದಕ್ಕೇ ಹೋದದ್ದಲ್ವಾ ಸಾರ್..."

"ಆಯ್ತು, ಮಾತಾಡ್ಬೇಡಿ. ಶಕ್ತಿ ಹೋಗ್ತದೆ" ಎಂದರು ಎಎಸ್‌ಐ. ದಾರಿಯುದ್ದಕ್ಕೂ ಭಾವ ಅದೊಂದೇ ಮಾತು ಹೇಳಿದರು. ತಿರುವುಗಳಲ್ಲಿ ಜೀಪಿನ ತಳದ ರಕ್ತ ಒಂದು ಬದಿಯಿಂದ ಇನ್ನೊಂದು ಬದಿಗೆ ಹರಿದು ನನ್ನ ಪಾದಕ್ಕೆ ತಾಗಿ ಹೋಗುತ್ತಿತ್ತು.

ಕಾಸರಗೋಡಿನ ಆಸ್ಪತ್ರೆಯಿಂದ ಭಾವನನ್ನು ಮಂಗಳೂರಿಗೆ ಕಳಿಸಿದರು. ಆಂಬುಲೆನ್ಸ್ ಹೋದ ಮೇಲೆ ಎಎಸ್‌ಐ ನಮ್ಮಿಬ್ಬರನ್ನು ನಳ್ಳಿಯ ಹತ್ತಿರ ಕರೆದುಕೊಂಡು ಹೋದರು. ನಾನು ಕೈ ತೊಳೆಯುತ್ತಿದ್ದೆ. ಉಗುರಿನ ಸಂದಿನದು ಹೋಗುತ್ತಿರಲಿಲ್ಲ.

"ಅಕ್ಕ, ಮೇಡಂ ಸ್ಟೇಷನ್ನಿಗೆ ಬಂದಿದ್ದಾರೆ. ಆಸ್ಪತ್ರೆಯಿಂದ ವರದಿ ಹೋಯ್ತು. ಇನ್ನು ಕೇಸ್ ಆಗಿಯೇ ಆಗ್ತದೆ. ನಿಮ್ಮ ಮೊಳಿ ತೆಗೆದುಕೊಳ್ತಾರೆ."

ಮೊಳಿ ಎಂದರೆ ಹೇಳಿಕೆ. ನಮ್ಮ ಕಡೆ ಕಚೇರಿಯ ಮಾತೆಲ್ಲ ಮಲಯಾಳದ್ದೇ.

"ನೀವು ನಿನ್ನೆ ಸ್ಟೇಷನ್ನಿಗೆ ಬಂದದ್ದು ಹೇಳ್ಬೇಡಿ. ದನ ಸತ್ತದ್ದು ಹೇಳಿ, ಇವತ್ತು ಹೀಗೆ ಆದದ್ದು ಹೇಳಿ. ನಡುವಿನ ಒಂದು ಮಾತು ಬಿಡಿ, ಅಷ್ಟೇ." ಅವರ ಅಂಗಿಯ ತೋಳಿನಲ್ಲೂ ರಕ್ತ ಒಣಗಿತ್ತು. "ನನಗೆ ಪೆನ್ಶನ್ನಿಗೆ ಹತ್ತಿರ ಆಯ್ತು. ಇಷ್ಟು ವರ್ಷ ನಿಮ್ಮ ಹತ್ರ ಬಾಯಿಬಿಟ್ಟು ಎಂತಾದ್ರೂ ಕೇಳಿದ್ದೇನಾ?"

ಕೇಳಿರಲಿಲ್ಲ. ಇದೇ ಮೊದಲು.

ಅವರು ಜೀಪಿನ ಕಡೆ ಹೋದ ಮೇಲೆ ಗಂಡ ಒರಟು ಗಂಟಲಿನಲ್ಲಿ ಹೇಳಿದರು: "ಬಿಡು. ಒಂದು ಮಾತು ತಾನೇ. ಪೊಲೀಸಿನವರನ್ನು ಎದುರು ಹಾಕಿಕೊಂಡು ಈ ಊರಲ್ಲಿ ದನ ಸಾಕ್ತೀಯಾ? ಮತ್ತೆ ನನ್ನ ಪ್ಯಾಕೆಟಿನ ವಿಷಯವೂ ಏಳ್ತದೆ."

"ಭಾವನ ಕೈ ಹೋಯ್ತು."

"ಅದು ಅವನೇ ಇಟ್ಟದ್ದು."

"ಇಟ್ಟದ್ದು ಅವರೇ. ತೆಗೆಯಲಿಕ್ಕೆ ಕಳಿಸಿದ್ದು?"

ಗಂಡ ನಳ್ಳಿ ತಿರುಗಿಸಿ ನಿಲ್ಲಿಸಿದರು. ಅದೇ ಜೀಪಿನಲ್ಲಿ ಮೂವರೂ ಸ್ಟೇಷನ್ನಿಗೆ ಹಿಂತಿರುಗಿದೆವು.

ಎಸ್‌ಐ ಮೇಡಂ ಕೇರಳದ ತೆಂಕಣ ಜಿಲ್ಲೆಯೊಂದರವರು. ಬಂದು ಹೆಚ್ಚು ಸಮಯವಾಗಿರಲಿಲ್ಲ. ಕನ್ನಡ, ತುಳು ಎರಡೂ ಅವರಿಗೆ ಬಾರದು. ನಮ್ಮಂಥವರು ಹೇಳಿದ್ದನ್ನು ಮಲಯಾಳಕ್ಕೆ ತಿರುಗಿಸಿ ಹೇಳುವ ಕೆಲಸ ಆ ಸ್ಟೇಷನ್ನಿನಲ್ಲಿ ಒಬ್ಬರದೇ. ಎಎಸ್‌ಐ ಮೇಜಿನ ಬದಿಯಲ್ಲಿ, ನನಗೂ ಮೇಡಮಿಗೂ ನಡುವೆ ನಿಂತರು. ಮೇಡಂ ಕೇಳಿದರು, ಅವರು ಕನ್ನಡದಲ್ಲಿ ಹೇಳಿದರು. ನಾನು ಹೇಳಿದೆ, ಅವರು ಮಲಯಾಳದಲ್ಲಿ ಹೇಳಿದರು. ದನ, ಹಲಸು, ದವಡೆ, ಸೂಜಿ. ಎಲ್ಲ ಸರಿಯಾಗಿಯೇ ದಾಟಿಸಿದರು.

ಮಾಂಸ ಯಾರು ಯಾರು ತಿನ್ನುತ್ತಿದ್ದದ್ದು ಎಂದು ಮೇಡಂ ಕೇಳಿದರು.

"ಗುಡ್ಡಕ್ಕೆ ತಾಗಿದ ಮನೆಯವರು ಎಲ್ಲ. ನಾವು ಕೂಡ" ಎಂದೆ. ಆಮೇಲೆ ಕಾಲಿನ ಕೆಳಗಿನ ನೆಲ ತೋರಿಸಿದೆ. "ಇದು ಕೂಡ."

ಎಎಸ್‌ಐ ಅದನ್ನೂ ದಾಟಿಸಿದರು. ಬರೆಯುತ್ತಿದ್ದ ಮೇಡಂ ಪೆನ್ನು ಎತ್ತಿ ಅವರ ಮುಖ ನೋಡಿ, ಮುಂದಿನದನ್ನು ಕೇಳಿದರು. ತೋಟೆ ಇನ್ನೂ ಉಂಟೆಂದು ಮೊದಲೇ ಗೊತ್ತಿದ್ದರೆ ಪೊಲೀಸಿಗೆ ಯಾಕೆ ತಿಳಿಸಲಿಲ್ಲ?

ಎಎಸ್‌ಐ ಈ ಪ್ರಶ್ನೆಯನ್ನು ನನ್ನ ಕಡೆ ತಿರುಗಿಸುವಾಗ ಅವರ ಸ್ವರ ತುಂಬ ಮೆತ್ತಗಾಗಿತ್ತು. ಬೆವರು ಅವರ ಕಿವಿಯ ಹಿಂದಿನಿಂದ ಕಾಲರಿಗೆ ಇಳಿಯುತ್ತಿತ್ತು. ಗಂಡ ಬಾಗಿಲಲ್ಲಿ ನಿಂತು ಕುತ್ತಿಗೆಯ ಬಾವು ಸವರಿಕೊಳ್ಳುತ್ತಿದ್ದರು. ನಾನು ಎಎಸ್‌ಐ ಅವರನ್ನೇ ನೋಡಿ ಕನ್ನಡದಲ್ಲಿ ಹೇಳಿದೆ:

"ತಿಳಿಸಿದ್ದೆ. ನಿನ್ನೆಯೇ ಬಂದು ಇವರ ಹತ್ತಿರ ಹೇಳಿದ್ದೆ. ಬಾಂಬ್ ತೆಗೆಯುವವರನ್ನು ಕರೆಸಿ ಅಂತಲೂ ಹೇಳಿದ್ದೆ. ಭಾವನನ್ನು ಗುಡ್ಡಕ್ಕೆ ಕಳಿಸಿದ್ದು ಇವರೇ."

ಫ್ಯಾನು ತಿರುಗುತ್ತಿತ್ತು. ಮೇಡಂ ಕಾಯುತ್ತಿದ್ದರು. ಅವರಿಗೆ ನನ್ನ ಮಾತು ಬರೀ ಸದ್ದು. ನಡುವಿನಲ್ಲಿ ನಿಂತವರು ಏನು ಬೇಕಾದರೂ ಹೇಳಬಹುದಿತ್ತು: ಹೆದರಿ ಹೇಳಲಿಲ್ಲವಂತೆ, ಗೊತ್ತಿರಲಿಲ್ಲವಂತೆ. ನನಗೂ ಅಷ್ಟಿಷ್ಟು ಮಲಯಾಳ ಬರುತ್ತದೆ, ಅದು ಅವರಿಗೆ ಗೊತ್ತು. ಅದಕ್ಕೆ ಹೆದರಿದರೋ, ಅಥವಾ ಜೀಪಿನಲ್ಲಿ ಭಾವ ಹೇಳುತ್ತಾ ಬಂದ ಮಾತು ಇನ್ನೂ ಅವರ ಕಿವಿಯಲ್ಲಿತ್ತೋ, ನಾನು ಹೇಳಲಾರೆ.

"ಇನ್ನಲೆ ತನ್ನೆ ಪರಞ್ಞಿರುನ್ನು ಮೇಡಂ" ಎಂದರು. ನಿನ್ನೆಯೇ ಹೇಳಿದ್ದರು. ಆಮೇಲೆ ತನ್ನ ಎದೆಯ ಮೇಲೆ ಬೆರಳಿಟ್ಟು, "ಎನ್ನೋಡು" ಎಂದರು. ನನ್ನ ಹತ್ತಿರ.

ಮೇಡಂ ಬರೆಯಲಿಲ್ಲ. ಕುರ್ಚಿ ಹಿಂದೆ ಸರಿಸಿ ಎದ್ದರು. ಅವರು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಹೊರಗೆ ನಿಂತಿದ್ದ ಜನ ಗೇಟಿನವರೆಗೆ ಹಿಂದೆ ಹೋದರು. ಅದರಲ್ಲಿ ಅರ್ಧ ನನಗೆ ಅರ್ಥವಾಯಿತು. ಅರ್ಥವಾಗದ ಅರ್ಧವನ್ನು ತಿರುಗಿಸಿ ಹೇಳುವವರು ತಲೆ ಕೆಳಗೆ ಹಾಕಿ ನಿಂತಿದ್ದರು.

ಅಂದೇ ಬಾಂಬಿನವರು ನಾಯಿ ತಂದರು. ಕತ್ತಲಾಗುವ ಮೊದಲು ಗುಡ್ಡದ ಬೋಳು ಜಾಗದಲ್ಲಿ ಬುಟ್ಟಿಯಲ್ಲಿದ್ದವನ್ನೂ, ನಾಯಿ ಮೂಸಿ ತೋರಿಸಿದವನ್ನೂ ಒಡೆದರು. ಒಂದೊಂದು ಸದ್ದಿಗೂ ಹಟ್ಟಿಯಲ್ಲಿ ಕರು ಹಾರಿ ಬೀಳುತ್ತಿತ್ತು. ನಾನು ಅದರ ಎರಡು ಕಿವಿಯನ್ನೂ ಅಂಗೈಯಲ್ಲಿ ಮುಚ್ಚಿ ಕೂತಿದ್ದೆ. ನಾನು ಕಾಲಿಟ್ಟು ಹುಲ್ಲು ಕೊಯ್ಯುವ ಜಾಗದಲ್ಲೇ ಒಂದು ಸಿಕ್ಕಿತಂತೆ.

ಭಾವ ಈಗ ಎಡಗೈಯಲ್ಲಿ ಉಣ್ಣುತ್ತಾರೆ, ಕೋರ್ಟಿಗೆ ಅಲೆಯುತ್ತ ಇದ್ದಾರೆ. ಅಕ್ಕ, ಎಂದರೆ ಅವರ ಹೆಂಡತಿ, ದಾರಿಯಲ್ಲಿ ಸಿಕ್ಕಿದರೆ ಸೆರಗು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಾರೆ. ಗಂಡನ ಪ್ಯಾಕೆಟಿನ ವಿಷಯ ಭಾವ ಹೇಳಿಯೇ ಹೇಳಿದರು. ನಮ್ಮ ಮನೆಗೂ ಎರಡು ಸಲ ಸಮನ್ಸ್ ಬಂತು. ಎರಡು ಸಲವೂ ಗಂಡ ನನ್ನನ್ನು ಕರೆಯದೆ ಒಬ್ಬರೇ ಹೋಗಿ ಬಂದರು. ಗುಡ್ಡದ ಮನೆಗಳಲ್ಲಿ ಕೆಲವರು ನನ್ನಿಂದ ಹಾಲು ಬಿಟ್ಟರು. ನಾನು ಹುಲ್ಲಿಗೆ ಹೋಗುತ್ತೇನೆ, ಕತ್ತಿ ಹಾಕುವ ಮೊದಲು ಈಗಲೂ ಕೋಲಿನಿಂದ ಪೊದೆ ಬಡಿದು ನೋಡುತ್ತೇನೆ.

ಹೇಳಿಕೆ ಕೊಟ್ಟ ಮರುದಿನ ಬೆಳಿಗ್ಗೆ ಸ್ಟೇಷನ್ನಿಗೆ ಹಾಲು ಕೊಂಡು ಹೋಗುವುದೋ ಬೇಡವೋ ಎಂದು ತುಂಬ ಹೊತ್ತು ಕ್ಯಾನು ಹಿಡಿದು ನಿಂತಿದ್ದೆ. ಬೇಡ ಎಂದು ಸ್ಟೇಷನ್ನಿನವರು ಹೇಳಿರಲಿಲ್ಲ. ಹೋದೆ. ಹಿಂಬಾಗಿಲು ತೆರೆದು ಬಂದವರು ಎಎಸ್‌ಐ ಅವರೇ. ಯೂನಿಫಾರ್ಮ್ ಇರಲಿಲ್ಲ, ಸಸ್ಪೆಂಡ್ ಆಗಿ, ಪಂಚೆ ಉಟ್ಟು, ಬೀಗದ ಗೊಂಚಲು ಒಪ್ಪಿಸಿ ಹೋಗಲು ಬಂದಿದ್ದರು. ಒಳಗೆ ಯಾರೋ ಅವರ ಕೈಗೆ ಪಾತ್ರೆ ಕೊಟ್ಟಿರಬೇಕು, ಅಭ್ಯಾಸದಿಂದ.

ನಾನು ಕುಕ್ಕರಗಾಲಲ್ಲಿ ಕೂತೆ. ಅಳತೆ ತುಂಬಿ ಅವರ ಪಾತ್ರೆಗೆ ಹೊಯ್ದೆ. ಲೋಟ ಮತ್ತೆ ತಾನಾಗಿಯೇ ಕ್ಯಾನಿನೊಳಗೆ ಅದ್ದಿ ಮೇಲೆ ಬಂತು, ಬಾಗಿತು. ಅಷ್ಟರಲ್ಲಿ ಅವರು ಪಾತ್ರೆಯನ್ನು ಎದೆಗೆ ಎಳೆದುಕೊಂಡಿದ್ದರು.

ಹಾಲು ಮೆಟ್ಟಿಲಿನ ಮೇಲೆ ಬಿತ್ತು. ಅವರ ಬರಿಗಾಲಿಗೂ ಸಿಡಿಯಿತು.

"ಸಾಕು ಅಕ್ಕ" ಎಂದರು.

ಅವರು ಒಳಗೆ ಹೋದ ಮೇಲೆ ನಾನು ನಳ್ಳಿಯಿಂದ ಬೊಗಸೆಯಲ್ಲಿ ನೀರು ತಂದು ಆ ಮೆಟ್ಟಿಲು ತೊಳೆದೆ. ಹಾಲು ಬಿದ್ದ ಕಡೆ ಇರುವೆ ಬೇಗ ಬರುತ್ತದೆ.